ಪುಸ್ತಕ ಮುಚ್ಚಿ ಓದುವುದು: ಪದವಿ ವಿದ್ಯಾರ್ಥಿಗಳಿಗೆ ಅಭ್ಯಾಸದ ಕ್ರಮ

ಸೆಮಿಸ್ಟರ್ ಪರೀಕ್ಷೆಗೆ ಎರಡು ವಾರ ಉಳಿದಿರುವಾಗ ಸಂಜೆ ಹೊತ್ತು ಧಾರವಾಡದ ಸಪ್ತಾಪುರದ ಕಡೆಗೆ ಹೋದರೆ, ಝೆರಾಕ್ಸ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳು ಗುಂಪಾಗಿ ನಿಂತಿರುವುದು ಕಾಣುತ್ತದೆ. ಹಾವೇರಿ, ಗದಗ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದು, ನಾಲ್ಕೈದು ಜನ ಕೂಡಿ ಒಂದು ಖೋಲಿ ಹಿಡಿದು, ಖಾನಾವಳಿಯಲ್ಲಿ ಊಟ ಮಾಡಿಕೊಂಡು ಓದುತ್ತಿರುವ ಮಕ್ಕಳು ಇವರು. ರಾತ್ರಿ ಒಂದು ಗಂಟೆಯವರೆಗೂ ಅವರ ಖೋಲಿಯ ದೀಪ ಉರಿಯುತ್ತಿರುತ್ತದೆ. ಇಷ್ಟು ಕಷ್ಟಪಟ್ಟ ಮೇಲೂ ಫಲಿತಾಂಶ ಬಂದಾಗ "ಎಲ್ಲಾ ಓದಿದ್ದೆ ಸರ್, ಬರೆಯುವಾಗ ನೆನಪಾಗಲಿಲ್ಲ" ಎಂದು ಬಂದು ನಿಲ್ಲುತ್ತಾರೆ. ಪದವಿ ತರಗತಿಗಳಿಗೆ ಪಾಠ ಹೇಳುತ್ತ ಬಂದಿರುವ ನಾನು ಈ ಮಾತನ್ನು ಪ್ರತಿ ವರ್ಷವೂ ಕೇಳಿದ್ದೇನೆ ಮತ್ತು ಅದನ್ನು ನೆಪವೆಂದು ಎಂದೂ ತಿಳಿದಿಲ್ಲ. ಅವರು ಓದಿರುವುದು ನಿಜ; ಆದರೆ ಓದಿದ್ದನ್ನು ಪುಸ್ತಕದ ಆಸರೆಯಿಲ್ಲದೆ ಮನಸ್ಸಿನಿಂದ ಹೊರತೆಗೆಯುವ ಕೆಲಸವನ್ನು ಅವರು ಪರೀಕ್ಷೆಯ ಕೊಠಡಿಯಲ್ಲಿಯೇ ಮೊದಲ ಸಲ ಮಾಡುತ್ತಿರುತ್ತಾರೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿ ತನ್ನ ಅರ್ಥಶಾಸ್ತ್ರದ ಪುಸ್ತಕವನ್ನು ನನಗೆ ತೋರಿಸಿದಳು. ಪುಟದ ಮೇಲಿನ ಪ್ರತಿಯೊಂದು ಸಾಲಿಗೂ ಹಳದಿ ಬಣ್ಣ ಬಳಿದಿತ್ತು. ಅದರ ಮೇಲೆ ಕೆಂಪು ಪೆನ್ನಿನ ಗೆರೆ, ಗೆರೆಯ ಪಕ್ಕದಲ್ಲಿ ನಕ್ಷತ್ರದ ಗುರುತು. ಆ ಅಧ್ಯಾಯವನ್ನು ನಾಲ್ಕು ಸಲ ಓದಿದ್ದೇನೆ ಎಂದಳು. ಪುಸ್ತಕವನ್ನು ಮುಚ್ಚಿ, ಬೇಡಿಕೆಯ ನಿಯಮ ಯಾವಾಗ ಅನ್ವಯಿಸುವುದಿಲ್ಲ ಎಂಬುದನ್ನು ಮೂರು ವಾಕ್ಯಗಳಲ್ಲಿ ಹೇಳಮ್ಮಾ ಎಂದೆ. ಅವಳ ಕಣ್ಣು ಮುಚ್ಚಿದ ಪುಸ್ತಕದ ಮೇಲೆಯೇ ನಿಂತಿತು. "ಎಡಗಡೆಯ ಪುಟದಲ್ಲಿ, ಕೆಳಗೆ ಇದೆ ಸರ್" ಎಂದಳು. ಉತ್ತರ ಪುಟದ ಯಾವ ಜಾಗದಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು, ಉತ್ತರ ಗೊತ್ತಿರಲಿಲ್ಲ. ಅಂದಿನಿಂದ ನಾನು ಯಾವ ವಿದ್ಯಾರ್ಥಿಗೂ ಎಷ್ಟು ಸಲ ಓದಿದೆ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಸಲ ಮುಚ್ಚಿ ಹೇಳಿಕೊಂಡೆ ಎಂದು ಕೇಳುತ್ತೇನೆ.

ಇದು ಒಬ್ಬ ಮೇಷ್ಟ್ರ ಅನುಭವದ ಮಾತು ಮಾತ್ರವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಠ್ಯಭಾಗವನ್ನು ಓದಲು ಕೊಟ್ಟು, ಕೆಲವರಿಗೆ ಅದನ್ನೇ ಮತ್ತೊಮ್ಮೆ ಓದಿಸಿದರು, ಉಳಿದವರಿಗೆ ಪಠ್ಯವನ್ನು ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ಶೇ. 81ರಷ್ಟು, ನೆನಪಿನಿಂದ ಬರೆದವರಿಗೆ ಶೇ. 75ರಷ್ಟು ನೆನಪಿತ್ತು. ಒಂದು ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದವರಲ್ಲಿ ಶೇ. 42ರಷ್ಟು ಮಾತ್ರ ಉಳಿದಿತ್ತು, ನೆನಪಿನಿಂದ ಬರೆದವರಲ್ಲಿ ಶೇ. 56ರಷ್ಟು ಉಳಿದಿತ್ತು. ಮತ್ತೆ ಮತ್ತೆ ಓದುವ ಪದ್ಧತಿ ನಮ್ಮನ್ನು ಹೇಗೆ ಮೋಸಗೊಳಿಸುತ್ತದೆ ಎಂಬುದು ಈ ಅಂಕಿಗಳಲ್ಲಿಯೇ ಇದೆ. ಓದಿ ಮುಗಿಸಿದ ಕ್ಷಣದಲ್ಲಿ ಎಲ್ಲವೂ ಬಂದಂತೆ ಅನಿಸುತ್ತದೆ, ಪರೀಕ್ಷೆ ಬರುವ ಹೊತ್ತಿಗೆ ಅದು ಜಾರಿ ಹೋಗಿರುತ್ತದೆ. ಬಸ್ ನಿಲ್ದಾಣದಲ್ಲಿ ಎದುರಾದವರ ಮುಖದ ಗುರುತು ಹತ್ತುವುದು ಬೇರೆ, ಅವರ ಹೆಸರು ನಾಲಿಗೆಗೆ ಬರುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಪಾಠವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಕಣ್ಣು ಕಾಣದ ಮಕ್ಕಳೂ ಅಲ್ಲಿ ಸಂಗೀತ ಕಲಿಯುತ್ತಾರೆ. ಆಶ್ರಮವನ್ನು ಬಹುಕಾಲ ನಡೆಸಿದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ದೃಷ್ಟಿಯಿಲ್ಲದವರು, ಆದರೂ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದವರು. ಸಂಗೀತದ ಪಾಠದಲ್ಲಿ ಗುರು ಹಾಡಿದ್ದನ್ನು ಶಿಷ್ಯ ಆ ಕ್ಷಣವೇ ತಿರುಗಿ ಹಾಡಿ ತೋರಿಸಬೇಕು; ತಪ್ಪಿದರೆ ಗುರು ತಿದ್ದಿ ಮತ್ತೆ ಹಾಡಿಸುತ್ತಾರೆ. ಕೇಳಿದ್ದು, ತಿರುಗಿ ಹೇಳಿದ್ದು, ತಿದ್ದಿಸಿಕೊಂಡದ್ದು ಈ ಮೂರೂ ಒಂದೇ ಕೂಟದಲ್ಲಿ ಆಗುತ್ತವೆ. ನಮ್ಮ ಕಾಲೇಜಿನ ಓದಿನಲ್ಲಿ ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಉಳಿದೆರಡನ್ನೂ ಕೈಬಿಟ್ಟಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓದುವ ಮೊದಲು ಹತ್ತು ನಿಮಿಷ

ಹೊಸ ಅಧ್ಯಾಯವನ್ನು ಮೊದಲ ಸಾಲಿನಿಂದ ಓದಲು ತೊಡಗಬೇಡಿ. ಮೊದಲು ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರ, ಕೋಷ್ಟಕ, ಕೊನೆಯ ಸಾರಾಂಶ ಮತ್ತು ಅಭ್ಯಾಸದ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಅಧ್ಯಾಯ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ. ನಂತರ ಪ್ರತಿ ಉಪಶೀರ್ಷಿಕೆಯನ್ನೂ ಒಂದು ಪ್ರಶ್ನೆಯಾಗಿ ಬದಲಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಹಣದುಬ್ಬರದ ಕಾರಣಗಳು" ಎಂದಿದ್ದರೆ "ಎಲ್ಲ ಸಾಮಾನುಗಳ ಬೆಲೆಯೂ ಒಟ್ಟಿಗೆ ಏಕೆ ಏರುತ್ತದೆ?" ಎಂದು ಬರೆಯಿರಿ. ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1940ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದ ಐದು ಹೆಜ್ಜೆಗಳ ಕ್ರಮ ಹೀಗೆಯೇ ಆರಂಭವಾಗುತ್ತದೆ: ಕಣ್ಣಾಡಿಸುವುದು, ಪ್ರಶ್ನೆ ಹಾಕಿಕೊಳ್ಳುವುದು, ಓದುವುದು, ನೋಡದೆ ಹೇಳುವುದು, ಮರಳಿ ನೋಡುವುದು. ಐದರಲ್ಲಿ ಮೂರನೆಯ ಹೆಜ್ಜೆ ಮಾತ್ರ ನಾವು ಸಾಮಾನ್ಯವಾಗಿ ಓದು ಎಂದು ಕರೆಯುವ ಕೆಲಸ ಎಂಬುದನ್ನು ಗಮನಿಸಿ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೆಮಿಸ್ಟರಿನ ಕೊನೆಗೆ ಹುಡುಕುವ ರೂಢಿಯನ್ನೂ ಬಿಡಬೇಕು. ತರಗತಿಗಳು ಆರಂಭವಾದ ಮೊದಲ ವಾರದಲ್ಲಿಯೇ ಪಠ್ಯಕ್ರಮದ ಪ್ರತಿಯನ್ನೂ ಮೂರು ನಾಲ್ಕು ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ತೆಗೆದಿಟ್ಟುಕೊಂಡು, ಯಾವ ಪ್ರಶ್ನೆ ಯಾವ ಘಟಕಕ್ಕೆ ಸೇರುತ್ತದೆ ಎಂದು ಗುರುತು ಹಾಕಿಟ್ಟರೆ, ಮುಂದೆ ಆ ಘಟಕವನ್ನು ಓದುವಾಗ ಪ್ರಶ್ನೆಗಳು ಸಿದ್ಧವಾಗಿಯೇ ಇರುತ್ತವೆ. ಬರುವ ಪ್ರಶ್ನೆಗಳನ್ನು ಊಹಿಸುವುದಕ್ಕೆ ಅವನ್ನು ಬಳಸುವುದಕ್ಕಿಂತ, ಓದಿದ್ದು ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಬಳಸುವುದರಲ್ಲಿ ಲಾಭ ಹೆಚ್ಚು.

ಒಂದು ಕಂಡಿಕೆಯನ್ನು ಹೇಗೆ ಓದಬೇಕು

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಉದಾಹರಣೆಯನ್ನು ತೆಗೆದುಕೊಳ್ಳುವುದು ಒಳ್ಳೆಯದು. ಭೂಗೋಳದ ಪುಸ್ತಕದಲ್ಲಿ ಇಂಥ ಒಂದು ಕಂಡಿಕೆ ಇದೆ ಎಂದಿಟ್ಟುಕೊಳ್ಳಿ: "ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಅಧಿಕವಾಗಿದ್ದು, ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಮುಖ್ಯವಾಗಿರುತ್ತದೆ. ಈ ಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಹಿಂಗಾರು ಬೆಳೆಗಳಿಗೆ ಇದು ಸೂಕ್ತವಾಗಿದೆ."

ಹೆಚ್ಚಿನವರು ಇದರ ಅಡಿಯಲ್ಲಿ ಗೆರೆ ಎಳೆದು ಮುಂದೆ ಹೋಗುತ್ತಾರೆ. ನವಲಗುಂದ ಅಥವಾ ರೋಣದ ಕಡೆಯ ರೈತರ ಮನೆಯ ವಿದ್ಯಾರ್ಥಿ ಇಲ್ಲಿ ನಿಲ್ಲಬೇಕು, ಏಕೆಂದರೆ ಇದು ಅವನ ಮನೆಯ ಎರಿ ಹೊಲದ ಕಥೆ. ಮೊದಲನೆಯದಾಗಿ, ಮೂರು ವಾಕ್ಯಗಳ ನಡುವಿನ ಸಂಬಂಧವನ್ನು ಅವನು ಕೇಳಿಕೊಳ್ಳಬೇಕು: ಖನಿಜ ಕಾರಣ, ಉಬ್ಬುವುದೂ ಕುಗ್ಗುವುದೂ ಅದರ ಪರಿಣಾಮ, ಹಾಗಾದರೆ ಮೂರನೆಯ ವಾಕ್ಯದ ತೇವಕ್ಕೆ ಕಾರಣ ಯಾವುದು? ಜೇಡಿಯ ಕಣಗಳು ಅತಿ ಸಣ್ಣವು, ಅವುಗಳ ಪದರಗಳ ನಡುವೆ ನೀರು ಹಿಡಿದುಕೊಳ್ಳುತ್ತದೆ ಎಂಬ ಉತ್ತರ ಪುಸ್ತಕದಲ್ಲಿ ಬೇರೆಡೆ ಇದ್ದೀತು. ಅದನ್ನು ಹುಡುಕಿ ಅಂಚಿನಲ್ಲಿ ಬರೆಯಬೇಕು. ಎರಡನೆಯದಾಗಿ, ತಾನು ಕಂಡದ್ದನ್ನು ಅದಕ್ಕೆ ಜೋಡಿಸಬೇಕು. ಮಳೆ ಬಂದ ಮರುದಿನ ಎರಿ ಹೊಲದಲ್ಲಿ ಕಾಲಿಟ್ಟರೆ ಮಣ್ಣು ಕಾಲಿಗೆ ಮೆತ್ತಿಕೊಳ್ಳುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬೀಳುವುದು, ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿದ ಬಿಳಿಜೋಳ ಮತ್ತು ಕಡಲೆ ಮುಂದೆ ಮಳೆಯಿಲ್ಲದಿದ್ದರೂ ನೆಲದ ತೇವದ ಮೇಲೆಯೇ ಬೆಳೆಯುವುದು, ಇವೆಲ್ಲ ಅವನಿಗೆ ಗೊತ್ತಿರುವ ಸಂಗತಿಗಳೇ. ಮೂರನೆಯದಾಗಿ, ಪುಸ್ತಕ ಹೇಳದ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಇಂಥ ಮಣ್ಣಿನ ಮೇಲೆ ಕಟ್ಟಿದ ಮನೆಯ ಗೋಡೆ ಏಕೆ ಸೀಳುತ್ತದೆ? ಉಬ್ಬುವಿಕೆ ಮತ್ತು ಕುಗ್ಗುವಿಕೆಯ ಮಾತು ನಿಜವಾಗಿ ತಿಳಿದಿದ್ದರೆ ಇದಕ್ಕೆ ಅವನೇ ಉತ್ತರ ಹೇಳಬಲ್ಲ.

ಕೊನೆಗೆ ಪುಸ್ತಕ ಮುಚ್ಚಿ, ಆ ಮೂರು ವಾಕ್ಯಗಳನ್ನು ತನ್ನ ಮಾತಿನಲ್ಲಿ, ಊರಿನಲ್ಲಿರುವ ತನ್ನ ಕಾಕಾನಿಗೆ ತಿಳಿಯುವ ಹಾಗೆ, ಬಾಯಿಬಿಟ್ಟು ಹೇಳಬೇಕು. ಎಲ್ಲಿ ಮಾತು ತಡೆಯುತ್ತದೆಯೋ ಅಲ್ಲಿ ತಿಳಿವಳಿಕೆ ತಡೆದಿದೆ ಎಂದು ಅರ್ಥ. ಪುಸ್ತಕ ತೆರೆದು ಅಷ್ಟನ್ನು ಮಾತ್ರ ನೋಡಬೇಕು. ಹೀಗೆ ಓದಿದರೆ ಒಂದು ಪುಟಕ್ಕೆ ಹದಿನೈದು ನಿಮಿಷ ಹಿಡಿದೀತು. ಆ ಪುಟವನ್ನು ನಾಲ್ಕು ಸಲ ಓದುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ನೋಟ್ಸ್ ಯಾರದಾಗಿರಬೇಕು

ಬೇರೆಯವರ ನೋಟ್ಸಿನ ಝೆರಾಕ್ಸ್ ಪ್ರತಿಯಲ್ಲಿ ವಿಷಯವಿರುತ್ತದೆ, ಆದರೆ ಅದನ್ನು ಆಯ್ದು, ಕುಗ್ಗಿಸಿ, ಜೋಡಿಸಿದ ಶ್ರಮ ಬರೆದವರ ತಲೆಯಲ್ಲಿ ಉಳಿದಿರುತ್ತದೆ. ಆದ್ದರಿಂದ ನೋಟ್ಸ್ ನಿಮ್ಮದೇ ಆಗಿರಲಿ ಮತ್ತು ಅದನ್ನು ಪುಸ್ತಕ ನೋಡುತ್ತ ಬರೆಯದೆ, ಮುಚ್ಚಿದ ಮೇಲೆ ಬರೆಯಿರಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಹೇಳಿಕೊಟ್ಟ ಪುಟದ ವಿನ್ಯಾಸ ಇದಕ್ಕೆ ಬಹಳ ಅನುಕೂಲ. ಪುಟದ ಎಡಗಡೆ ಮೂರು ಬೆರಳಿನಷ್ಟು ಜಾಗ ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ, ಕೆಳಗಡೆ ನಾಲ್ಕೈದು ಸಾಲು ಬಿಡಿ. ತರಗತಿಯಲ್ಲಿ ಕೇಳಿದ್ದನ್ನು ಬಲಗಡೆ ಬರೆಯಿರಿ. ಅದೇ ದಿನ ಸಂಜೆ, ಬಲಗಡೆಯ ಬರಹ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಎಡಗಡೆ ಬರೆಯಿರಿ. ಕೆಳಗೆ ಇಡೀ ಪುಟದ ಸಾರವನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ. ಮುಂದಿನ ಸಲ ಬಲಗಡೆಯನ್ನು ಕೈಯಿಂದ ಮುಚ್ಚಿಕೊಂಡು ಎಡಗಡೆಯ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳುತ್ತ ಹೋದರೆ ಆ ನೋಟ್‌ಬುಕ್ಕೇ ನಿಮ್ಮ ಪರೀಕ್ಷಕನಾಗುತ್ತದೆ.

ವ್ಯಾಖ್ಯೆ, ಇಸವಿ, ಸೂತ್ರ, ರಾಸಾಯನಿಕ ಸಮೀಕರಣಗಳಂಥ ಚಿಕ್ಕ ಸಂಗತಿಗಳಿಗೆ ಚೀಟಿಗಳು ಸಾಕು. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿಕೊಂಡರೆ ದಪ್ಪನೆಯ ಒಳ್ಳೆಯ ಚೀಟಿಗಳು ಖರ್ಚಿಲ್ಲದೆ ಸಿಗುತ್ತವೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ.

ಮರೆವಿನ ಲೆಕ್ಕ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಒಂದು ದಿನ ಕಳೆದ ಮೇಲೆ ಪಟ್ಟಿಯನ್ನು ಮತ್ತೆ ಕಲಿಯುವಾಗ ಮೊದಲಿನ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಳಿತಾಯವಾಗುತ್ತಿತ್ತು. ಪಠ್ಯಕ್ಕೆ ಅರ್ಥವಿರುವುದರಿಂದ ಅದು ಅಷ್ಟು ಬೇಗ ಅಳಿಯುವುದಿಲ್ಲ, ಆದರೆ ಇಳಿಜಾರಿನ ಆಕಾರ ಅದೇ. ಕಾಲೇಜಿನಲ್ಲಿ ಸೋಮವಾರ ಕೇಳಿದ ಪಾಠವನ್ನು ಸೋಮವಾರ ರಾತ್ರಿಯೇ ಹತ್ತು ನಿಮಿಷ ಮುಚ್ಚಿ ಹೇಳಿಕೊಂಡು, ಮರುದಿನ ಐದು ನಿಮಿಷ, ಮುಂದಿನ ಸೋಮವಾರ ಐದು ನಿಮಿಷ, ಇಂಟರ್ನಲ್ಸ್‌ಗೆ ಮೊದಲು ಇನ್ನೊಮ್ಮೆ ನೆನೆದರೆ, ಒಟ್ಟು ಅರ್ಧ ಗಂಟೆಯಲ್ಲಿ ಆಗುವ ಕೆಲಸ ಪರೀಕ್ಷೆಯ ಹಿಂದಿನ ರಾತ್ರಿ ಮೂರು ಗಂಟೆಯಲ್ಲಿಯೂ ಆಗುವುದಿಲ್ಲ. ನಮ್ಮ ಕಡೆ ಓದುವುದಕ್ಕೆ "ಅಭ್ಯಾಸ ಮಾಡುವುದು" ಎನ್ನುತ್ತಾರೆ. ಹಲವು ಸಲ ಮಾಡುವುದೆಂಬ ಅರ್ಥ ಆ ಮಾತಿನಲ್ಲಿಯೇ ಇರುವುದನ್ನು ನಾನು ಬಹಳ ಮೆಚ್ಚುತ್ತೇನೆ.

ಹೀಗೆ ಬಿಡಿಬಿಡಿಯಾಗಿ ನೆನೆಯುವುದಕ್ಕೆ ಬೇರೆ ಸಮಯ ಹುಡುಕಬೇಕಾಗಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಪಾಸ್ ತೆಗೆಸಿಕೊಂಡು ಓಡಾಡುವವರಿಗೆ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ದಾರಿಯಲ್ಲಿಯೇ ಹೋಗುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಪುಸ್ತಕ ತೆರೆಯಲು ಜಾಗವೇ ಇರುವುದಿಲ್ಲ. ಪುಸ್ತಕವಿಲ್ಲದೆ ಮಾಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನವನಗರದಲ್ಲಿ ಹತ್ತಿದಾಗ ಒಂದು ಪ್ರಶ್ನೆ ಹಿಡಿದು, ಧಾರವಾಡದಲ್ಲಿ ಇಳಿಯುವುದರೊಳಗೆ ಅದರ ಉತ್ತರವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಳ್ಳಿ. ಇಳಿದ ಮೇಲೆ ನೋಟ್‌ಬುಕ್ ತೆರೆದು ಬಿಟ್ಟುಹೋದದ್ದನ್ನು ನೋಡಿಕೊಳ್ಳಿ.

ಲೆಕ್ಕದ ವಿಷಯಗಳು

ಅಕೌಂಟೆನ್ಸಿ, ಸಂಖ್ಯಾಶಾಸ್ತ್ರ, ಗಣಿತ, ಭೌತಶಾಸ್ತ್ರಗಳಲ್ಲಿ ಬಿಡಿಸಿದ ಲೆಕ್ಕವನ್ನು ಓದಿ "ತಿಳಿಯಿತು" ಎಂದುಕೊಳ್ಳುವುದು ದೊಡ್ಡ ಅಪಾಯ. ಉತ್ತರದ ಮೇಲೆ ಹಾಳೆ ಮುಚ್ಚಿ, ಮೊದಲ ಹೆಜ್ಜೆಯನ್ನು ತಾವೇ ಬರೆದು, ಹಾಳೆಯನ್ನು ಒಂದು ಸಾಲಿನಷ್ಟು ಕೆಳಗೆ ಸರಿಸಿ ಸರಿನೋಡುತ್ತ ಹೋಗಬೇಕು. ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಸಾಲಾಗಿ ಮಾಡುವುದಕ್ಕಿಂತ ಮೂರು ನಾಲ್ಕು ಬಗೆಯವನ್ನು ಬೆರೆಸಿ ಮಾಡುವುದು ಮೇಲು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು, ಆದರೆ ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರಿಗೆ ಶೇ. 20ರಷ್ಟು, ಬೆರೆಸಿ ಮಾಡಿದವರಿಗೆ ಶೇ. 63ರಷ್ಟು ಅಂಕ ಬಂದವು. ಬೆರೆಸಿದಾಗ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಆರಿಸುವುದನ್ನೂ ಕಲಿಯಬೇಕಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಆಯ್ಕೆಯನ್ನು ಯಾರೂ ಮಾಡಿಕೊಡುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಪಿ.ಯು.ವರೆಗೆ ಕನ್ನಡದಲ್ಲಿ ಓದಿ, ಬಿ.ಕಾಂ. ಅಥವಾ ಬಿ.ಎಸ್ಸಿ.ಯಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕದ ಮುಂದೆ ಕುಳಿತವರ ಕಷ್ಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅರ್ಥವಾಗದ ಇಂಗ್ಲಿಷ್ ವಾಕ್ಯಗಳನ್ನು ಹಾಗೆಯೇ ಉರು ಹೊಡೆಯುವುದು ಅವರಿಗೆ ಸುಲಭದ ದಾರಿಯಾಗಿ ಕಾಣುತ್ತದೆ, ಆದರೆ ನಡುವೆ ಒಂದು ಪದ ತಪ್ಪಿದರೆ ಇಡೀ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ನಾನು ಹೇಳುವ ಕ್ರಮ ಇದು: ಇಂಗ್ಲಿಷಿನಲ್ಲಿ ಕಂಡಿಕೆಯನ್ನು ಓದಿ, ಪುಸ್ತಕ ಮುಚ್ಚಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಸಿಕೊಳ್ಳಿ. ಡಿಪ್ರಿಸಿಯೇಶನ್ ಎಂದರೆ ಏನು, ಹೊಸದಾಗಿ ಕೊಂಡ ಟ್ರ್ಯಾಕ್ಟರಿನ ಬೆಲೆ ವರ್ಷದಿಂದ ವರ್ಷಕ್ಕೆ ಏಕೆ ಇಳಿಯುತ್ತದೆ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬಲ್ಲವರು ಅದನ್ನು ಸರಳ ಇಂಗ್ಲಿಷಿನ ನಾಲ್ಕು ವಾಕ್ಯಗಳಲ್ಲಿ ಬರೆಯಲು ಬೇಗ ಕಲಿಯುತ್ತಾರೆ. ಆ ನಾಲ್ಕು ವಾಕ್ಯಗಳನ್ನು ಪುಸ್ತಕ ನೋಡದೆ ಬರೆದು, ಪುಸ್ತಕದೊಂದಿಗೆ ಹೋಲಿಸಿ ತಿದ್ದಿಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಹೊಸ ಪದ, ಅದರ ಕನ್ನಡ ಅರ್ಥ, ನಿಮ್ಮದೇ ಒಂದು ಉದಾಹರಣೆ ಹೀಗೆ ಮೂರು ಅಂಕಣ ಮಾಡಿ ತುಂಬುತ್ತ ಹೋಗಿ. ಮೊದಲ ಸೆಮಿಸ್ಟರಿನಲ್ಲಿ ಇದು ನಿಧಾನವೆನಿಸುತ್ತದೆ. ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಇಂಥ ವಿದ್ಯಾರ್ಥಿಗಳು, ಮೊದಲಿನಿಂದಲೂ ಇಂಗ್ಲಿಷಿನಲ್ಲಿ ಓದಿದವರಿಗಿಂತ ಗಟ್ಟಿಯಾದ ಉತ್ತರ ಬರೆದದ್ದನ್ನು ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿಯೇ ಕಂಡಿದ್ದೇನೆ.

ಕೂಡಿ ಓದುವುದು, ಒಬ್ಬರೇ ಓದುವುದು

ನಾಲ್ಕು ಜನ ಇರುವ ಖೋಲಿಯಲ್ಲಿ ಎಲ್ಲರೂ ಗಟ್ಟಿಯಾಗಿ ಓದುತ್ತ ಕುಳಿತರೆ ಯಾರ ಓದೂ ಆಗುವುದಿಲ್ಲ. ಹೊಸದನ್ನು ಓದುವುದು ಒಬ್ಬರೇ ಮಾಡುವ ಕೆಲಸ. ಅದಕ್ಕೆ ಕಾಲೇಜಿನ ಗ್ರಂಥಾಲಯವೋ ಊರಿನ ಸಾರ್ವಜನಿಕ ಗ್ರಂಥಾಲಯವೋ ಒಳ್ಳೆಯ ಜಾಗ. ಓದಿ ಬಂದ ಮೇಲೆ, ರಾತ್ರಿ ಊಟವಾದ ನಂತರ ಅರ್ಧ ಗಂಟೆ ಕೂಡಿ ಕುಳಿತು, ದಿನಕ್ಕೊಬ್ಬರಂತೆ ಒಂದು ವಿಷಯವನ್ನು ಉಳಿದವರಿಗೆ ಪಾಠ ಹೇಳಬೇಕು, ಕೇಳುವವರು "ಯಾಕೆ?" ಎಂದು ತಡೆಯಬೇಕು. ಪಾಠ ಹೇಳುವವನಿಗೆ ಆಗುವ ಲಾಭ ಕೇಳುವವರಿಗಿಂತ ಹೆಚ್ಚು ಎಂಬುದನ್ನು ಪಾಠ ಹೇಳಿಯೇ ಬದುಕಿದವನಾಗಿ ಖಚಿತವಾಗಿ ಹೇಳಬಲ್ಲೆ.

ಮೊಬೈಲಿನ ವಿಷಯದಲ್ಲಿ ಒಂದೇ ಮಾತು: ಅದನ್ನು ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳುವುದು ಸಾಲದು, ಕೈಗೆ ಸಿಗದ ಕಡೆ ಇಡಬೇಕು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಢಿಗೆ ತಂದ 25 ನಿಮಿಷ ಓದು, ಐದು ನಿಮಿಷ ವಿರಾಮ ಎಂಬ ಕ್ರಮ ಚಂಚಲ ಮನಸ್ಸಿನವರಿಗೆ ಆರಂಭದಲ್ಲಿ ನೆರವಾಗುತ್ತದೆ. ದೊಡ್ಡ ಲೆಕ್ಕ ಬಿಡಿಸುವಾಗ ಗಡಿಯಾರಕ್ಕಾಗಿ ನಡುವೆ ಏಳಬೇಕಾಗಿಲ್ಲ.

ಪರೀಕ್ಷೆಯ ಹಿಂದಿನ ದಿನ

ಆ ದಿನ ಹೊಸ ಅಧ್ಯಾಯವನ್ನು ತೆರೆಯಬೇಡಿ. ಬೆಳಿಗ್ಗೆ ಒಂದು ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಮುಂದಿಟ್ಟುಕೊಂಡು, ಎರಡು ದೊಡ್ಡ ಉತ್ತರಗಳನ್ನು ಪೂರ್ತಿಯಾಗಿ ಬರೆಯಿರಿ. ಉಳಿದ ಪ್ರಶ್ನೆಗಳಿಗೆ ಮುಖ್ಯ ಅಂಶಗಳನ್ನು ಮಾತ್ರ ನೆನಪಿನಿಂದ ಗುರುತು ಮಾಡಿ. ಬಾರದವು ಯಾವುವು ಎಂಬುದು ಮಧ್ಯಾಹ್ನದೊಳಗೆ ಸ್ಪಷ್ಟವಾಗುತ್ತದೆ, ಮಧ್ಯಾಹ್ನದ ನಂತರದ ಹೊತ್ತನ್ನು ಅವುಗಳಿಗೇ ಕೊಡಿ. ರಾತ್ರಿ ನಿಮ್ಮ ನೋಟ್ಸಿನ ಎಡಗಡೆಯ ಪ್ರಶ್ನೆಗಳನ್ನು ಒಮ್ಮೆ ಓದಿಕೊಂಡು ಹತ್ತೂವರೆಗೆ ದೀಪ ಆರಿಸಿ, ಏಕೆಂದರೆ ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ನೆರವಾಗುತ್ತದೆ. ಬೆಳಿಗ್ಗೆ ಹಾಲ್ ಟಿಕೆಟ್ಟು, ಎರಡು ಪೆನ್ನು ಕಿಸೆಯಲ್ಲಿಟ್ಟುಕೊಂಡು ಒಂದು ಬಸ್ಸು ಮೊದಲೇ ಹೊರಡಿ; ಕಾಲೇಜಿನ ಬಾಗಿಲಲ್ಲಿ ನಿಂತು ಗಡಿಬಿಡಿಯಲ್ಲಿ ಪುಟ ತಿರುವುತ್ತಿರುವವರ ಗುಂಪಿಗೆ ಸೇರದೆ, ಗಿಡದ ನೆರಳಿನಲ್ಲಿ ಸುಮ್ಮನೆ ಕುಳಿತು ಒಂದು ಉತ್ತರದ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ.